ಮಗ ಕಳಿಸಿದ ಗುಳಿಗೆ

ಬಸವಕಲ್ಯಾಣ
೯ ಡಿಸೆಂಬರ್ ೨೦೨೪, ಸೋಮವಾರ

ಪ್ರೀತಿಯ ತಮ್ಮ ಸಂಘರತ್ನಾ,

ನಿನ್ನ ಅಕ್ಕ ಪ್ರಣಿತಾಳ ಜೈಭೀಮ್. ಹೇಗಿದ್ದೀಯ? ಹೋದ ಸಲ ಬಂದಾಗ ಕೆಮ್ಮುತ್ತಿದ್ದೆ. ಕೇಳಿದರೆ ಭಿವಂಡಿಯ ಗೋದಾಮಿನ ಧೂಳು ಅಂದೆ. ಮೂಗಿಗೆ ದಸ್ತಿ ಕಟ್ಟಿಕೊಂಡು ಕೆಲಸ ಮಾಡು. ಹುಡುಗರು ನಗುತ್ತಾರೆ ಅಂತ ಬಿಚ್ಚಬೇಡ. ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ನು, ವಡಾಪಾವ್ ಊಟವಲ್ಲ. ನಾವು ಆರಾಮ ಇದ್ದೇವೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನಾನಂತೂ ಗಟ್ಟಿ ಇದ್ದೇನೆ. ಅವ್ವನ ಮಾತು ಬೇರೆ. ಅದಕ್ಕೇ ಈ ಕಾಗದ.

ಫೋನು ಇರುವಾಗ ಕಾಗದವೇಕೆ ಎನ್ನುತ್ತೀಯ. ಸಂಜೆ ನೀನು ಫೋನು ಹಚ್ಚಿದರೆ ಅವ್ವ ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಡುತ್ತಾಳೆ. ಅರ್ಧ ಓಣಿ ನಿನ್ನ ಸುಖದುಃಖ ಕೇಳುತ್ತದೆ. ಬೇರೆ ನಂಬರಿನಿಂದ ನಾನೇ ಹಚ್ಚಬಹುದಿತ್ತು. ಆದರೆ ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಸಣ್ಣವನಿದ್ದಾಗಿನಿಂದ ಬಲ್ಲೆ. ಅಂದೇ ಸಂಜೆ ಎಲ್ಲವನ್ನೂ ಅವಳಿಗೆ ಒಪ್ಪಿಸಿಬಿಡುತ್ತೀಯ. ಕಾಗದವಾದರೆ ಎರಡು ಸಲ ಓದಬಹುದು. ನಡುವೆ ಅಳು ಬಂದರೆ ಅತ್ತು ಮುಗಿಸಬಹುದು.

ಹೋದ ವಾರ ಅವ್ವನನ್ನು ಮತ್ತೆ ಹುಮನಾಬಾದಿಗೆ ಕರೆದುಕೊಂಡು ಹೋಗಿದ್ದೆ. ನಾರಾಯಣಪುರದ ಪಾಟೀಲರ ಹೊಲದಲ್ಲಿ ಸೋಯಾ ಕೊಯ್ಯುವಾಗ ಎದೆ ಹಿಡಿದು ಕುಸಿದದ್ದು, ಹೆಂಗಸರು ಗ್ಯಾಸು ಅಂದುಕೊಂಡು ಸೋಡಾ ಕುಡಿಸಿದ್ದು, ಯೂನುಸ್ ಬೇರೆ ಸವಾರಿ ಬಿಟ್ಟು ಆಟೋದಲ್ಲಿ ದವಾಖಾನೆಗೆ ಹಾರಿಸಿಕೊಂಡು ಹೋದದ್ದು, ಅಲ್ಲಿಂದ ಹುಮನಾಬಾದಿಗೆ ಕಳಿಸಿದ್ದು ನಿನಗೆ ಗೊತ್ತೇ ಇದೆ. ಆಗ ನೀನು ಓಡಿ ಬಂದೆ, ಕಾಲು ಒತ್ತಿದೆ, ಹೋದೆ. ಹೃದಯದ ನಾಳದಲ್ಲಿ ಇನ್ನೂ ಒಂದು ಕಡೆ ಕಟ್ಟಿದೆ, ಕಲಬುರಗಿಯಲ್ಲಿ ಬಿಡಿಸಬೇಕು ಅಂತ ಡಾಕ್ಟರಬಾಯಿ ಆಗಲೇ ಹೇಳಿದ್ದರು. ಈ ಸಲ ತಾರೀಖು ಕೊಡುತ್ತಾರೆ ಅಂತ ನಾವು ಹೋದದ್ದು. ಅವರು ಎದೆಯ ಇಸಿಜಿ ಪಟ್ಟಿ ನೋಡಿ ತಲೆ ಆಡಿಸಿದರು. ರಕ್ತದ ರಿಪೋರ್ಟು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು.

ಕಿಡ್ನಿ ಸೋತಿದೆ, ತಮ್ಮಾ. ಎದೆ ನೋವಿಗೂ ಕಿಡ್ನಿಗೂ ಏನು ಸಂಬಂಧ ಅಂತ ನಾನೂ ಕೇಳಿದೆ. ಒಂದೇ ರಕ್ತ ಎರಡೂ ಕಡೆ ತಿರುಗುತ್ತದೆ, ಒಂದು ಸೋತರೆ ಇನ್ನೊಂದರ ಮೇಲೆ ಹೊರೆ ಬೀಳುತ್ತದೆ ಅಂದರು. ಒಂದೇ ತರಹದ ಹೃದಯಾಘಾತ ಇಬ್ಬರಿಗಾದರೂ, ಕಿಡ್ನಿ ಗಟ್ಟಿ ಇದ್ದವರು ಬೇಗ ಎದ್ದು ಕೂರುತ್ತಾರೆ. ಕಿಡ್ನಿ ಸೋತವರಿಗೆ ಮತ್ತೆ ಆಘಾತವಾಗುವ, ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುವ, ಸಾಯುವ ಅಪಾಯ ಹೆಚ್ಚು. ಅವರು ಸಾಯುವ ಎಂಬ ಮಾತನ್ನು ಮೆಲ್ಲಗೆ ಹೇಳಿದರು. ನಾನು ನಿನಗೆ ಗಟ್ಟಿಯಾಗಿಯೇ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ನಾಳ ನೋಡಲು ರಕ್ತದೊಳಗೆ ಒಂದು ಬಣ್ಣದ ಔಷಧಿ ಬಿಡುತ್ತಾರಂತೆ. ಅದನ್ನು ಹೊರಗೆ ಹಾಕುವ ಕೆಲಸವೂ ಕಿಡ್ನಿಯದೇ. ಹೀಗೇ ಕಳಿಸಿದರೆ ಎದೆ ಉಳಿಸಲು ಹೋಗಿ ಕಿಡ್ನಿ ಕಳೆದುಕೊಂಡೇವು. ಕಳಿಸದೆ ಕೂತರೆ ಎದೆ ಎಷ್ಟು ದಿನ ತಡೆದೀತೋ.

ಬೇರೆ ಏನಾದರೂ ಗುಳಿಗೆ ತಗೋತೀರಾ ಅಂತ ಡಾಕ್ಟರಬಾಯಿ ಅವ್ವನನ್ನೇ ಕೇಳಿದರು. ನಮ್ಮವ್ವ ಸಖುಬಾಯಿ ಏನು ಮಾಡಿದಳು ಗೊತ್ತೇ? ಸೊಂಟದ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಒಂದೊಂದೇ ಮೇಜಿನ ಮೇಲೆ ಬಂದವು. ಕೊನೆಗೆ ನೋವಿನ ಗುಳಿಗೆಯ ಪಟ್ಟಿ ಬಂತು. ಎರಡು ಗುಳಿಗೆ ಚಿವುಟಿ ಡಾಕ್ಟರರ ಕೈಗೇ ಹಿಡಿದಳು.

"ತಗೋರಿ ಬಾಯಿ. ದಿನಾ ಕುಂತು ಕುಂತು ನಿಮಗೂ ಸೊಂಟ ಹಿಡದಿರಬೇಕು. ಭಿವಂಡಿಯಿಂದ ನನ್ನ ಮಗ ಕಳಿಸ್ಯಾನ. ಇಲ್ಲಿ ಸಿಗೂದಿಲ್ರಿ ಇಂಥಾವು."

ಡಾಕ್ಟರಬಾಯಿಗೆ ನಗು ಬಂತು, ಗುಳಿಗೆಯ ಪಟ್ಟಿ ನೋಡಿ ನಿಂತಿತು. ದಿನಕ್ಕೆ ಎಷ್ಟು ಅಂತ ಕೇಳಿದರು. ಹೊಲಕ್ಕೆ ಹೋದರೆ ಚಹಾದ ಸಂಗಾಟ ಒಂದು, ಬಂದ ಮೇಲೆ ಒಂದು, ಮಂಡಿ ಕೇಳದಿದ್ದರೆ ಇನ್ನೊಂದು ಅಂದಳು ಅವ್ವ, ಹೆಮ್ಮೆಯಿಂದ. ಎಷ್ಟು ವರ್ಷದಿಂದ ಅಂದರೆ, ಮಗ ನೌಕರಿಗೆ ಹತ್ತಿದಾಗಿನಿಂದ ಅಂದಳು. ಕಿಡ್ನಿ ತಿಂದದ್ದು ಇದೇ ಇರಬೇಕು, ಹೃದಯಕ್ಕೂ ಇದು ವೈರಿ, ಇವತ್ತೇ ನಿಲ್ಲಿಸಬೇಕು ಅಂದರು ಡಾಕ್ಟರು. ನಿಲ್ಲಿಸಿದರೆ ಕಿಡ್ನಿ ಸ್ವಲ್ಪವಾದರೂ ಚೇತರಿಸಿಕೊಳ್ಳಬಹುದು. ಈ ತಿಂಗಳ ಕೊನೆಯ ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಮತ್ತೆ ರಕ್ತ ನೋಡಿ ಕಲಬುರಗಿಯ ಮಾತು. ಅಷ್ಟರಲ್ಲಿ ಎದೆ ಹಿಡಿದರೆ ಯಾವುದಕ್ಕೂ ಕಾಯದೆ ಓಡಿಬರಬೇಕು.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗುಳಿಗೆ ಕೊಡು ಅಂದೆ. ಕೊಡಲಿಲ್ಲ. ಸಂಚಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಗಿಸಿಕೊಂಡು ಅಂದಳು: "ಎದೀ ಗುಳಿಗಿ ಸರಕಾರದ್ದು, ನುಂಗತೀನಿ. ಇದು ನನ್ನ ಮಗಂದು. ಹೊಟ್ಟ್ಯಾಗ ಹುಟ್ಟಿದಂವ ಇಸಾ ಕಳಸ್ತಾನೇನ? ನಿನ್ನ ಭಾಷಣ ನಿನ್ನ ಕೂಲಿ ಸಂಘದಾಗ ಮಾಡು."

ಭಾಷಣ ಮಾಡಿ ಸೋಲುವ ಹೆಂಗಸಲ್ಲ ನಾನು, ನಿನಗೆ ಗೊತ್ತು. ಮನೆಗೆ ಬಂದು ಸಂಚಿಯನ್ನೇ ಕಸಿದುಕೊಂಡೆ. ಸಂಜೆಯೊಳಗೆ ಪಕ್ಕದ ಮನೆಯ ಧೂಳಮ್ಮ ಸೆರಗಿನಲ್ಲಿ ಒಂದು ಪಟ್ಟಿ ತಂದು ಅವ್ವನ ಕೈಯಲ್ಲಿಟ್ಟಳು. ಕೈಗಡ ಒಯ್ದಿದ್ದಳಂತೆ. ನಮ್ಮ ಓಣಿಯಲ್ಲಿ ಜೋಳದ ಹಿಟ್ಟು ಬಟ್ಟಲಿನಲ್ಲಿ ಒಯ್ದು ಬಟ್ಟಲಿನಲ್ಲಿ ತಿರುಗಿಸುವುದಿಲ್ಲವೇ, ನಿನ್ನ ಗುಳಿಗೆಯೂ ಹಾಗೇ ಮನೆಯಿಂದ ಮನೆಗೆ ತಿರುಗುತ್ತಿದೆ. ಕಳೆ ತೆಗೆಯಲು ಹೋಗುವ ಒಂದೊಂದು ಹೆಂಗಸಿನ ಹತ್ತಿರವೂ ಅವ್ವನ ಬಾಕಿ ಇದೆ. ನಾನು ಒಂದು ಕಸಿದರೆ ಎರಡು ಬರುತ್ತವೆ. ಗುಳಿಗೆ ಇರುವ ತನಕ ಎಲ್ಲರೂ ಅವಳ ಕಟ್ಟೆಗೆ ಬರುತ್ತಾರೆ, ಸಖವ್ವಾ ಅನ್ನುತ್ತಾರೆ. ಜನ್ಮವೆಲ್ಲ ಇನ್ನೊಬ್ಬರ ಹೊಲದಲ್ಲಿ ಬಗ್ಗಿದವಳಿಗೆ ಕೊಡುವ ಕೈ ಸಿಕ್ಕಿದ್ದು ಇದೊಂದರಿಂದಲೇ. ಅದನ್ನು ಹೇಗೆ ಕಸಿಯಲಿ?

ನನ್ನ ಸಿಟ್ಟು ಎಲ್ಲಿದೆ ಗೊತ್ತೇ? ನೋವು ಅಂದರೆ ಮೈ ಹಾಕುವ ಧಿಕ್ಕಾರ. ಸಾಕು, ಇನ್ನು ಬಗ್ಗಲಾರೆ ಅಂತ ಬೆನ್ನು ಕೂಗುತ್ತದೆ. ಆ ಕೂಗಿನ ಬಾಯಿ ಮುಚ್ಚಿಸುವ ಲಂಚವೇ ಈ ಗುಳಿಗೆ. ಲಾಭ ಯಾರಿಗೆ? ಚಹಾದ ತಟ್ಟೆಯಲ್ಲಿ ಗುಳಿಗೆಯನ್ನೂ ಇಟ್ಟು ಕಳಿಸುವ ಪಾಟೀಲನಿಗೆ. ಕೂಲಿ ಏರಿಸು ಅಂದರೆ ಕಿವುಡ, ಸೊಂಟ ನೋಯುತ್ತದೆ ಅಂದರೆ ಕರ್ಣ. ಇವನು ಸಾಲದ್ದಕ್ಕೆ ಚೀಟಿ ಕೇಳದೆ ಬೆಲ್ಲದಂತೆ ಮಾರುವ ಅಂಗಡಿಗಳು. ಹೆಂಗಸಿನ ಬೆನ್ನಿನ ಮೇಲೆ ಸೋಯಾ ರಾಶಿಯಾಗುತ್ತದೆ, ಅವಳ ಕಿಡ್ನಿ ಮಣ್ಣಾಗುತ್ತದೆ. ಸಂಘದ ಮುಂದಿನ ಸಭೆಯಲ್ಲಿ ಕೂಲಿಯ ಜೊತೆ ಗುಳಿಗೆಯ ಮಾತನ್ನೂ ಎತ್ತುತ್ತೇನೆ. ಹೊಲದಲ್ಲಿ ನೆರಳು ಬೇಕು, ವಿಶ್ರಾಂತಿ ಬೇಕು, ಗುಳಿಗೆ ಬೇಡ. ಸರಿ, ಸರಿ, ಅಕ್ಕ ಶುರು ಮಾಡಿದಳು ಅಂತ ನೀನು ನಗುತ್ತಿರುವುದು ಇಲ್ಲಿಗೇ ಕಾಣುತ್ತದೆ.

ನಕ್ಕಿದ್ದರೆ ಒಳ್ಳೆಯದೇ. ಯಾಕೆಂದರೆ ಇಲ್ಲಿಯ ತನಕ ಓದಿ ನೀನು ತಲೆಗೆ ಕೈ ಹಚ್ಚಿ ಕೂತಿರುತ್ತೀಯ, ನಾನೇ ಅವ್ವನನ್ನು ಕೊಂದೆ ಅಂತ. ಎದ್ದೇಳು. ಮೊದಲ ಪಗಾರದಲ್ಲಿ ಬೇರೆಯವರ ಮಕ್ಕಳು ಮೊಬೈಲು ತಂದರು. ನೀನು ಬಸ್ಸು ಇಳಿದು ಬಂದು, ಅವ್ವಾ ನಿನಗ ಎಲ್ಲಿ ನೋಯ್ತದ ಅಂತ ಕೇಳಿದೆ, ಈ ಗುಳಿಗೆ ಕೈಗಿಟ್ಟೆ. ಅಪ್ಪ ಕೇಳಿರಲಿಲ್ಲ, ಪಾಟೀಲ ಕೇಳಿರಲಿಲ್ಲ. ಅವಳ ಮೈಯ ನೋವನ್ನು ಹಾಗೆ ಕೇಳಿದ ಮೊದಲ ಗಂಡಸು ನೀನು. ಗುಳಿಗೆ ತಪ್ಪಾಗಿತ್ತು, ಕೇಳಿದ್ದು ತಪ್ಪಾಗಿರಲಿಲ್ಲ. ಅವಳು ನುಂಗುತ್ತಿರುವುದು ಆ ಕೇಳಿದ್ದನ್ನೇ. ಆದ್ದರಿಂದಲೇ ನನ್ನ ಮಾತು ಅವಳಿಗೆ ಹತ್ತುತ್ತಿಲ್ಲ.

ಮಂಡಿಗೆ ಈಗ ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಡುತ್ತಿದ್ದೇನೆ. ಬೈಯುತ್ತಾಳೆ, ಆದರೆ ಕಾಲು ಚಾಚುತ್ತಾಳೆ. ಅಡುಗೆಗೆ ಉಪ್ಪು ಕಡಿಮೆ ಮಾಡಿದ್ದಕ್ಕೆ, ಉಪ್ಪನ್ನು ಬಾಯಿಗೆ ಹಾಕೂದು ಬಿಟ್ಟು ಮಂಡಿಗೆ ಹಾಕ್ತಾಳ ನನ್ನ ಮಗಳು ಅಂತ ಓಣಿಗೆಲ್ಲ ಸಾರಿದ್ದಾಳೆ. ಧೂಳಮ್ಮನೂ ಯೂನುಸನೂ ನಿನ್ನನ್ನು ಕೇಳಿದ್ದಾರೆ. ಮೈ ಜೋಪಾನ. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಅಂತ ತಿಳಿ. ಜೈಭೀಮ್.

ನಿನ್ನ ಅಕ್ಕ,
ಪ್ರಣಿತಾ

ತಾ.ಕ.: ಅಂಚೆಯವನು ಹೊರಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇನ್ನು ಗುಳಿಗೆ ಕಳಿಸಬೇಡ ಎನ್ನುವುದಷ್ಟೇ ಸಾಲದು. ಈ ಕಾಗದ ಸಿಕ್ಕ ಸಂಜೆಯೇ ಫೋನು ಹಚ್ಚಿ, ಅವ್ವಾ, ನನಗೇ ಸೊಂಟ ಹಿಡಿದಿದೆ, ಇಲ್ಲಿ ಗುಳಿಗೆ ಸಿಗುತ್ತಿಲ್ಲ, ಇದ್ದದ್ದೆಲ್ಲ ಕಳಿಸು ಅನ್ನು. ನಿನ್ನ ಸಲುವಾಗಿ ಅಂದರೆ ಅವಳು ಮನೆಮನೆ ತಿರುಗಿ ಬಾಕಿ ವಸೂಲು ಮಾಡುತ್ತಾಳೆ, ತನ್ನ ಸಂಚಿ ಕೊಡವುತ್ತಾಳೆ, ಒಂದನ್ನೂ ಉಳಿಸಿಕೊಳ್ಳುವುದಿಲ್ಲ. ಗಂಟು ಕೈಗೆ ಬಂದ ದಿನವೇ ಸುಟ್ಟುಹಾಕು. ಆಮೇಲೆ ನೀನೇ ಬಂದು ಅವಳಿಗೆ ನಿಜ ಹೇಳು; ಬೈಸಿಕೊಳ್ಳಲು ನಾನೂ ಪಕ್ಕದಲ್ಲಿ ಕೂರುತ್ತೇನೆ. ಸುಳ್ಳು ಹೇಳು ಅಂತ ನಾನು ಬರೆಯುತ್ತಿರುವುದು ಇದೇ ಮೊದಲು. ಒಂದು ವೇಳೆ ಅದು ಸುಳ್ಳಲ್ಲದಿದ್ದರೆ, ಪೆಟ್ಟಿಗೆ ಹೊತ್ತು ಹೊತ್ತು ನೀನೂ ಅದನ್ನೇ ನುಂಗುತ್ತಿದ್ದರೆ, ಫೋನು ಮಾಡಬೇಡ. ರಾತ್ರಿ ಗಾಡಿ ಹತ್ತಿ ಬಂದುಬಿಡು. ಹುಮನಾಬಾದಿನಲ್ಲಿ ಇಬ್ಬರ ರಕ್ತವನ್ನೂ ಒಂದೇ ದಿನ ಪರೀಕ್ಷೆಗೆ ಕೊಡೋಣ.