ಅಪ್ಪನ ಹೊಲಿಗೆ ಪಾಠದ ವಿಡಿಯೊ

ಅಕ್ಕಾ, ಇದು ಸಾಕಾಗುತ್ತದೋ ಇಲ್ಲವೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಆದರೂ ನಿನ್ನ ಲ್ಯಾಪ್‌ಟಾಪಿಗೆ ಉಚಿತವಾಗಿ ಸಿಗುವ ಎಡಿಟಿಂಗ್ ಸಾಫ್ಟ್‌ವೇರನ್ನೇ ಹಾಕಿದ್ದೇನೆ. ಹೊಸದಾಗಿ ಕಲಿಯುವ ನಿನಗೆ ದುಬಾರಿಯದು ಬೇಡ. ಕತ್ತರಿಸಿ ಜೋಡಿಸಲು ಇದೇ ಸುಲಭ. ಅಪ್ಪ ತೀರಿಹೋಗುವ ಮುಂಚೆ ಮಾಡಿದ ಹೊಲಿಗೆ ಪಾಠದ ವಿಡಿಯೊಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಇವೆ. ನಾನು ಅವರ ಹೊಲಿಗೆ ಅಂಗಡಿ ಖಾಲಿ ಮಾಡಲು ಹೊರಟೆ.

ಸಾಫ್ಟ್‌ವೇರಿನಲ್ಲಿ ಮಾತಿಲ್ಲದ ಜಾಗವನ್ನು ತಾನಾಗಿಯೇ ಕತ್ತರಿಸುವ ಗುಂಡಿಯೊಂದಿದೆ, ಒತ್ತಬೇಡ. ನಾನು ಒತ್ತಿ ನೋಡಿದೆ. ಸೂಜಿಗೆ ದಾರ ಪೋಣಿಸುತ್ತ ಅವರು ಸುಮ್ಮನಾಗುವುದೆಲ್ಲ ಮಾಯವಾಗಿ, ಯಾರೋ ಅವಸರದ ಮನುಷ್ಯ ಉಳಿದ. ಮೂಲ ವಿಡಿಯೊ ಹಾಗೇ ಇದೆ, ಗಾಬರಿಯಾಗಬೇಡ.

ಕೊನೆಯ ವಿಡಿಯೊದಲ್ಲಿ ಅಪ್ಪ, "ಚೆನ್ನಾಗಿ ಬಂತೇನೋ, ಇಲ್ಲ ಮುದುಕನ ಮೂತಿಯಷ್ಟೇ ಬಂತೋ?" ಎಂದು ಕೇಳಿ, ಕ್ಯಾಮೆರಾ ಹಿಡಿದಿದ್ದ ನನ್ನನ್ನೇ ನೋಡುತ್ತ ಕಾಯುತ್ತಾರೆ. ಅದನ್ನು ಪೂರ್ತಿ ಉಳಿಸು. ಚೆನ್ನಾಗಿ ಬಂದಿದೆ ಅಪ್ಪ ಎಂದು ನಾನು ಹೇಳಲೇ ಇಲ್ಲ.