ಡ್ರಮ್ ಇಲ್ಲದ ಹಾಡು

ಭಾನುವಾರ, ನವೆಂಬರ್ ೯
ಅಂಗಡಿಯ ಹಿಂದಿನ ಕೋಣೆ

ನನ್ನ ಚಿಕ್ಕವಳಿಗೆ,

ನಿನ್ನ ಮೂರು ಕಾಗದಗಳೂ ತಲುಪಿವೆ. ಮೊದಲನೆಯದಕ್ಕೆ ಉತ್ತರಿಸಲು ತಡವಾಯಿತು, ಕ್ಷಮಿಸು. ಎರಡನೆಯದಕ್ಕೆ ಬರೆಯದೆ ಇದ್ದದ್ದು ಬೇಕೆಂದೇ. ಮೂರನೆಯದರಲ್ಲಿ ನೀನು ಒಂದೇ ಸಾಲು ಬರೆದಿದ್ದೀಯ: "ಅಕ್ಕಾ, ನನ್ನ ಗಂಡನ ಮರ್ಯಾದೆ ತೆಗೀಬೇಕು ಅಂತಾನೇ ಮಾಡಿದ್ಯಾ?" ಇದಕ್ಕೆ ಒಂದು ಪದ ಸಾಕು. ಹೌದು.

ಅಷ್ಟೇ ಹೇಳಿ ಬಾಗಿಲು ಹಾಕಿಕೊಳ್ಳುವಷ್ಟು ಕಲ್ಲಾಗಿಲ್ಲ ನಾನು. ಮಂಡಿನೋವು ಹಾಗೆಯೇ ಇದೆ. ಮಗ ಅಂಗಡಿಗೆ ಹೊಸ ಬಣ್ಣ ಹೊಡೆಸಿದ್ದಾನೆ, ಆಸ್ಪತ್ರೆಯ ಗೋಡೆಯಂತೆ ಕಾಣುತ್ತದೆ. ಸೊಸೆ ನನಗೆ ಎದುರಾಡುವುದಿಲ್ಲ, ನನ್ನ ಮಾತು ಕೇಳುವುದೂ ಇಲ್ಲ. ಇಷ್ಟು ಸಮಾಚಾರ. ಈ ಕಾಗದವನ್ನು ನಿನ್ನ ಗಂಡನೂ ಓದುತ್ತಾನೆಂದು ನನಗೆ ಗೊತ್ತು. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಒಂದನ್ನಾದರೂ ಅವನು ಪೂರ್ತಿ ಓದಲಿ.

ರೆಕಾರ್ಡ್ ಪ್ಲೇಯರ್ ರಿಪೇರಿ ಎಂದರೆ ಈ ಊರಿನಲ್ಲಿ ನಿನ್ನ ಭಾವನ ಅಂಗಡಿಯೇ. ಅವರದೊಂದು ನಿಯಮವಿತ್ತು. ರಿಪೇರಿಯಾದ ಪೆಟ್ಟಿಗೆಯಲ್ಲಿ ರೆಕಾರ್ಡಿನ ಒಂದು ಮಗ್ಗುಲನ್ನು ಪೂರ್ತಿ ಹಾಕಿ ಕೇಳದೆ ಅದನ್ನು ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. ನಲವತ್ತನಾಲ್ಕನೇ ವಯಸ್ಸಿಗೆ ಅವರ ಬಲಗಿವಿ ಹೋಯಿತು, ವರ್ಷ ತುಂಬುವುದರೊಳಗೆ ಎಡಗಿವಿಯೂ ಹೋಯಿತು. ಕಿವುಡನ ಕೈಗೆ ಯಾರು ಪ್ಲೇಯರ್ ಕೊಡುತ್ತಾರೆ? "ಯಾರಿಗೂ ಹೇಳ್ಬೇಡ ಕಣೇ, ಹೇಳಿದ್ರೆ ನಾನು ಸತ್ತ ಹಾಗೆ" ಎಂದರು. ಅಂದಿನಿಂದ ನಾನು ಹೊಲಿಗೆ ಹಿಡಿದು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂರತೊಡಗಿದೆ. ಗಿರಾಕಿಗಳ ಮಾತನ್ನು ಅವರು ತುಟಿ ನೋಡಿಯೇ ಹಿಡಿಯುತ್ತಿದ್ದರು. ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕೇಳುವವರಂತೆ ತಲೆ ವಾಲಿಸಿ ನಿಲ್ಲುತ್ತಿದ್ದರು. ಸರಿಯಿದ್ದರೆ ನಾನು ಕಾಲಿನಿಂದ ನೆಲಕ್ಕೆ ಒಂದು ಸಲ ತಟ್ಟಬೇಕು. ಗುಂಯ್ ಎನ್ನುತ್ತಿದ್ದರೆ ಎರಡು ಸಲ, ವೇಗ ತಪ್ಪಿದ್ದರೆ ಮೂರು ಸಲ. ಅವರು ನನ್ನ ಚಪ್ಪಲಿಯನ್ನು ಓರೆಗಣ್ಣಿನಲ್ಲಿ ನೋಡಿ, "ಸ್ವಲ್ಪ ಸ್ಪೀಡ್ ಕಮ್ಮಿ ಇದೆ ಸಾರ್, ನಾಳೆ ಬನ್ನಿ" ಎನ್ನುತ್ತಿದ್ದರು. ಗಿರಾಕಿಗಳು "ಏನ್ ಕಿವಿ ರೀ ನಿಮ್ದು!" ಎಂದು ಬೆರಗಾಗುತ್ತಿದ್ದರು. ಹೀಗೆ ಹನ್ನೊಂದು ವರ್ಷ ನಡೆಯಿತು.

ಕೇಳಲು ಬಳಸುತ್ತಿದ್ದದ್ದು ಹಡಗಿನ ಎಂಜಿನಿಯರೊಬ್ಬರು ಬಿಟ್ಟುಹೋದ ಒಂದು ಪೆಟ್ಟಿಗೆ ರೆಕಾರ್ಡುಗಳನ್ನು. ಒಟ್ಟು ಅರವತ್ತೆರಡು, ಎಲ್ಲವೂ ಪರದೇಶದವು. ಮೊದಮೊದಲು ನನಗೆ ತಗಡು ಬಡಿದಂತೆ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಗುಂಡಿ ಹೊಲಿಯುತ್ತಿದ್ದ ಕೈ ತಾನಾಗಿ ನಿಂತಿತು. ಬ್ಯಾಂಜೊ ಬಾರಿಸುವವನು ಮೈಕಿನ ಹತ್ತಿರ ಬಂದ, ತನ್ನ ಮಾತು ಮುಗಿಸಿ ಹಿಂದೆ ಸರಿದ, ಆ ಜಾಗಕ್ಕೆ ಪಿಟೀಲಿನವನು ಬಂದ. ಕಣ್ಣಿಗೇನೂ ಕಾಣುವುದಿಲ್ಲ, ಆದರೆ ಬರುವುದೂ ಹೋಗುವುದೂ ಕಿವಿಗೆ ಗೊತ್ತಾಗುತ್ತದೆ. ಐದು ಜನ, ಒಂದೇ ಮೈಕು, ಯಾರೂ ಯಾರನ್ನೂ ತಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಐದು ಜನ ಒಂದು ಬಚ್ಚಲಿಗೆ ಹೀಗೆ ಹೋಗಿ ಬಂದದ್ದನ್ನು ನಾನು ಕಂಡಿಲ್ಲ! ಹೈಸ್ಕೂಲಿನ ಡಿಕ್ಷನರಿ ತೆಗೆದು ಕವರಿನ ಮೇಲಿದ್ದುದನ್ನು ಓದಿದೆ. ಇದನ್ನು ಬ್ಲೂಗ್ರಾಸ್ ಅನ್ನುತ್ತಾರಂತೆ. ಅದರಲ್ಲಿ ಡ್ರಮ್ ಇರಲಿಲ್ಲ. ತಾಳ ಹಿಡಿಯುವುದು ಮ್ಯಾಂಡೊಲಿನ್, ಕತ್ತರಿ ಆಡಿಸಿದಂತೆ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಕಂಟ್ರಿ ಎನ್ನುವ ಅಲ್ಲಿನ ಹಳ್ಳಿಗಾಡಿನ ಹಾಡುಗಳಲ್ಲಿ ಸ್ಟೀಲ್ ಗಿಟಾರ್ ಎಂಬುದೊಂದಿದೆ. ಅತ್ತು ಮುಖ ತೊಳೆದುಕೊಂಡು ಬಂದವಳು ಏನೂ ಆಗಿಲ್ಲವೆಂದು ಮಾತಾಡುವಾಗಿನ ದನಿ ಅದು. ರೂಟ್ಸ್ ರಾಕ್ ಎಂದರೆ ಅಜ್ಜನ ಹಾಡನ್ನು ಮೊಮ್ಮಕ್ಕಳು ಕರೆಂಟು ಹಾಕಿ ಜೋರಾಗಿ ಹಾಡುವುದು, ಅಜ್ಜ ಬೈದರೂ ಕಾಲು ಕುಣಿಸುವ ಹಾಗೆ. ಯಾವ ರೆಕಾರ್ಡ್ ಯಾವ ದೋಷವನ್ನು ಹಿಡಿದುಕೊಡುತ್ತದೆಂದು ನಿನ್ನ ಭಾವನಿಗೆ ತಿಳಿಯಲೆಂದು ಒಂದೊಂದು ಕವರಿನಲ್ಲೂ ಒಂದೊಂದು ಚೀಟಿ ಬರೆದಿಟ್ಟೆ. ದೋಷದ ಕೆಳಗೆ ನನಗನಿಸಿದ್ದನ್ನೂ ಬರೆದೆ. ಅವರು ರಾತ್ರಿಯೂಟಕ್ಕೆ ಮುಂಚೆ ಅವನ್ನು ಓದುತ್ತಿದ್ದರು. ಅವರು ಸಂಗೀತ ಕೇಳಿದ್ದು ಹಾಗೆ.

ಅವರು ತೀರಿಕೊಂಡು ತಿಂಗಳಾಗುವಷ್ಟರಲ್ಲೇ ನಿನ್ನ ಗಂಡ ಬಂದ. "ಅಕ್ಕ, ಇಲ್ಲಿ ಧೂಳು ತಿಂದ್ಕೊಂಡು ಬಿದ್ದಿರುತ್ತೆ, ನಾನು ಜೋಪಾನ ಮಾಡ್ತೀನಿ" ಎಂದು ಪೆಟ್ಟಿಗೆ ಎತ್ತಿಕೊಂಡು ಹೋದ. ವಾರಪತ್ರಿಕೆಯಲ್ಲಿ ಅವನ ಅಂಕಣ ಶುರುವಾಯಿತು. ಅತ್ತು ಮುಖ ತೊಳೆದುಕೊಂಡು ಬಂದವಳನ್ನು ನಾನು ಅವನ ಫೋಟೋದ ಕೆಳಗೆ ಓದಿದೆ. ಒಂದು ಪದವನ್ನೂ ಬದಲಾಯಿಸಿರಲಿಲ್ಲ.

ಮನೆಯೊಳಗೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಹೇಳಿದೆ. ನಿನ್ನ ಮನೆಯ ಜಗಲಿಯಲ್ಲೇ ಕೂತು, "ಆ ಚೀಟಿಗಳು ನನ್ನವು" ಎಂದೆ. ಅವನು ನಕ್ಕ. "ಬಿಡಿ ಅಕ್ಕ, ಅಣ್ಣ ಹೇಳಿದ್ದನ್ನ ನೀವು ಬರ್ಕೊಂಡಿರ್ತೀರ. ಬ್ಯಾಂಜೊ ಯಾವ್ದು, ಒಲೆ ಊದೋ ಕೊಳವೆ ಯಾವ್ದು ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?" ನಾನು ಎದ್ದು ಬಂದೆ. ನನ್ನದೆಂದು ಸಾಧಿಸಬೇಕಾದರೆ ಅವರ ಕಿವಿಯ ಗುಟ್ಟು ಬಿಚ್ಚಬೇಕಿತ್ತು. ಮಾತು ಕೊಟ್ಟಿದ್ದೆ. ಮೂರು ವರ್ಷ ನನ್ನ ವಾಕ್ಯಗಳಿಗೆ ಅವನು ಹಾರ ಹಾಕಿಸಿಕೊಳ್ಳುವುದನ್ನು ನೋಡಿದೆ.

ಅರವತ್ತೊಂದು ರೆಕಾರ್ಡ್ ಅವನ ಬಳಿ ಇದ್ದವು. ಒಂದು ಮಾತ್ರ ಅಂಗಡಿಯ ಅಟ್ಟದಲ್ಲಿ ಉಳಿದಿತ್ತು, ಬ್ಲೂಗ್ರಾಸಿನದು. ಅವನ ಪುಸ್ತಕ ಬರುತ್ತದೆಂದು ತಿಳಿದಾಗ ಅದರ ಚೀಟಿ ತೆಗೆದು, ಹಳೆಯ ಹಾಳೆಯಲ್ಲಿ ಬೇರೊಂದು ಬರೆದಿಟ್ಟು ನಿಮ್ಮ ಮನೆಗೆ ತಲುಪಿಸಿದೆ. "ಎರಡನೇ ಮಗ್ಗುಲು, ಕೊನೆಯ ಹಾಡು. ಇಡೀ ರೆಕಾರ್ಡಿನಲ್ಲಿ ಸುಮ್ಮನಿದ್ದ ಡ್ರಮ್ಮಿನವನು ಇಲ್ಲಿ ಮೂರೇ ಏಟು ಹೊಡೆಯುತ್ತಾನೆ, ಸಾಲಗಾರ ಬಾಗಿಲು ತಟ್ಟಿದ ಹಾಗೆ." ಆ ತಂಡದಲ್ಲಿ ಡ್ರಮ್ ಬಾರಿಸುವವನೇ ಇಲ್ಲ. ಮೂರು ನಿಮಿಷ ಹಾಡು ಕೇಳಿದ್ದರೆ ಅವನು ಬಚಾವಾಗುತ್ತಿದ್ದ. ಅದಕ್ಕಿಂತ ದೊಡ್ಡ ಗುಂಡಿಯನ್ನು ನಾನು ತೋಡಲಿಲ್ಲ.

ಅವನು ಅದನ್ನೇ ಪುಸ್ತಕದ ಮೊದಲ ಅಧ್ಯಾಯ ಮಾಡಿದ! ಬಿಡುಗಡೆಯ ಸಭೆಗೆ ಪ್ಲೇಯರ್ ಬೇಕೆಂದು ಊರಿನ ಸಾಹಿತ್ಯ ಸಂಘದವರು ನಮ್ಮ ಅಂಗಡಿಗೇ ಬಂದರು. ನಾನೇ ತಂದು ವೇದಿಕೆಯ ಮೇಲೆ ಇಟ್ಟೆ. ಅವನು ಆ ಅಧ್ಯಾಯ ಓದಿದ. ಮೂರು ಏಟಿನ ಜಾಗದಲ್ಲಿ ಮೇಜನ್ನೂ ತಟ್ಟಿ ತೋರಿಸಿದ. ಚಪ್ಪಾಳೆ ಬಿತ್ತು. ಅವನು ತಂದಿದ್ದ ಆ ರೆಕಾರ್ಡನ್ನು ನಾನು ಒರೆಸಿ, ಮುಳ್ಳನ್ನು ಮೆಲ್ಲಗೆ ಇಳಿಸಿದೆ. ಸಭೆಯೆಲ್ಲ ಡ್ರಮ್ಮಿಗಾಗಿ ಉಸಿರು ಹಿಡಿದು ಕೂತಿತ್ತು. ಬ್ಯಾಂಜೊ ಬಂತು, ಹೋಯಿತು. ಪಿಟೀಲು ಬಂತು, ಹೋಯಿತು. ಹಾಡು ಮುಗಿದು ಮುಳ್ಳು ಕರಕರ ಎಂದಿತು. ಮುಂದಿನ ಸಾಲಿನ ನಿವೃತ್ತ ಸಂಗೀತ ಮೇಷ್ಟ್ರು ಎದ್ದು, "ಸ್ವಾಮಿ, ಡ್ರಮ್ಮಿನವರು ಇನ್ನೂ ದಾರೀಲಿದ್ದಾರಾ?" ಎಂದರು.

ನಕ್ಕವರಲ್ಲಿ ನಾನೂ ಇದ್ದೆ. ಸುಳ್ಳು ಹೇಳುವುದಿಲ್ಲ, ಬಾಯಿಗೆ ಸಿಹಿ ಹಾಕಿದಂತಾಯಿತು.

ಅಷ್ಟಕ್ಕೇ ಮುಗಿಸಬೇಕೆಂದಿದ್ದೆ. ಆದರೆ ನಿನ್ನ ಗಂಡ ಬೆವರು ಒರೆಸಿಕೊಂಡು, "ತಪ್ಪು ನಂದಲ್ಲ, ನಮ್ಮ ಷಡ್ಡಕರ ಚೀಟೀಲಿ ಹಾಗೇ ಇತ್ತು. ಪಾಪ, ಕೊನೆಗಾಲದಲ್ಲಿ ಅವರಿಗೆ ಅರುಳುಮರುಳು" ಎಂದ. ಸತ್ತವರ ತಲೆಗೆ ಕಟ್ಟಿದ. ಆಗಲೇ ನಾನು ಮೈಕಿನ ಹತ್ತಿರ ಹೋದದ್ದು. "ನನ್ನ ಗಂಡನಿಗೆ ಹನ್ನೊಂದು ವರ್ಷ ಕಿವಿ ಕೇಳ್ತಿರಲಿಲ್ಲ. ಕೇಳಿದ್ದು ನಾನು. ಬರೆದಿದ್ದೂ ನಾನು. ಈ ಪುಸ್ತಕದಲ್ಲಿ ಇವರದು ಅಂತ ಇರೋದು ಫೋಟೋ ಒಂದೇ" ಎಂದೆ. ಕೊಟ್ಟ ಮಾತನ್ನು ಮುರಿದೆ. ಅದಕ್ಕೆ ನಿನ್ನ ಭಾವನ ಫೋಟೋದ ಮುಂದೆ ಕ್ಷಮೆ ಕೇಳಿದ್ದೇನೆ. ನಿನ್ನ ಗಂಡನನ್ನು ಕೇಳುವುದಿಲ್ಲ.

ಅಂಕಣ ನಿಂತಿತು, ಪುಸ್ತಕದ ಕಟ್ಟುಗಳು ವಾಪಸು ಬಂದವು, ಅವನು ಊಟ ಬಿಟ್ಟಿದ್ದಾನೆ ಎಂದು ಬರೆದಿದ್ದೀಯ. ಹಸಿವಾದಾಗ ಉಣ್ಣುತ್ತಾನೆ. ಉಳಿದ ಅರವತ್ತೊಂದು ರೆಕಾರ್ಡುಗಳೂ ಈ ತಿಂಗಳೊಳಗೆ ನನ್ನ ಅಂಗಡಿಯ ಮೆಟ್ಟಿಲ ಮೇಲಿರಬೇಕು. ಅವನೇ ಹೊತ್ತು ತರಲಿ.

ದೊಡ್ಡವಳ ಪರೀಕ್ಷೆ ಚೆನ್ನಾಗಿ ಆಗಲಿ, ಚಿಕ್ಕವನ ಕೆಮ್ಮು ವಾಸಿಯಾಗಲಿ. ಇಬ್ಬರ ತಲೆಯ ಮೇಲೂ ದೊಡ್ಡಮ್ಮನ ಕೈ ಯಾವತ್ತೂ ಇರುತ್ತದೆ ಎಂದು ಹೇಳು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ

ಮರೆತ ಮಾತು: ಈ ಹಾಳೆಯನ್ನು ಬೇರೆಯಾಗಿ ಮಡಿಸಿದ್ದೇನೆ, ಇದು ನಿನಗೆ ಮಾತ್ರ. ನಿನ್ನ ಮದುವೆಗೆ ಮುಂಚೆ ಎರಡು ತಿಂಗಳು ನೀನು ನನ್ನ ಜೊತೆ ಅಂಗಡಿಯಲ್ಲಿದ್ದೆ. "ಅಕ್ಕಾ, ಅದರಲ್ಲೇನಿದೆ, ನಂಗೂ ಹೇಳ್ಕೊಡೆ" ಎಂದು ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, "ಈಗ ಪಿಟೀಲು ಬಂತು, ಈಗ ಹೋಯ್ತು" ಎಂದು ಬೆರಳು ಮಾಡಿ ತೋರಿಸುತ್ತಿದ್ದೆ. ಆ ಚೀಟಿಗಳು ಯಾರವೆಂದು ಈ ಲೋಕದಲ್ಲಿ ನನ್ನನ್ನು ಬಿಟ್ಟು ಬಲ್ಲವಳು ನೀನೊಬ್ಬಳೇ. ಆ ಜಗಲಿಯಲ್ಲಿ ಅವನು ನಕ್ಕಾಗ ನೀನು ಬಾಗಿಲಲ್ಲಿ ನಿಂತು ಸೆರಗಿನ ದಾರ ಕೀಳುತ್ತಿದ್ದೆ. ಅದಕ್ಕೇ ಕೊನೆಯ ರೆಕಾರ್ಡನ್ನು ಅವನ ಕೈಗೆ ಕೊಡಲಿಲ್ಲ, ನಿನ್ನ ಕೈಗೆ ಕೊಟ್ಟೆ. ನಿಮ್ಮ ಪ್ಲೇಯರಿನ ಮುಳ್ಳು ಮುರಿದಿದೆಯೆಂದು ಕವರಿನೊಳಗೆ ಒಂದು ಹೊಸ ಮುಳ್ಳನ್ನೂ ಕಾಗದದಲ್ಲಿ ಸುತ್ತಿ ಇಟ್ಟಿದ್ದೆ. ನೀನೊಮ್ಮೆ ಕೇಳಿ, "ಇದರಲ್ಲಿ ಡ್ರಮ್ ಇಲ್ಲ ರೀ, ಅಕ್ಕ ಯಾಕೆ ಹೀಗೆ ಬರೆದಿದ್ದಾಳೆ?" ಎಂದು ಅವನಿಗೆ ಒಂದು ಮಾತು ಹೇಳುತ್ತೀಯೆಂದು ನಾಲ್ಕು ತಿಂಗಳು ಕಾದೆ. ಸಭೆಯ ದಿನ ರೆಕಾರ್ಡನ್ನು ಕವರಿನಿಂದ ಹೊರಗೆಳೆದಾಗ, ನಾನು ಸುತ್ತಿದ ಕಾಗದವೂ ಬಿಚ್ಚದ ಹಾಗೆಯೇ ಆ ಮುಳ್ಳು ನನ್ನ ಅಂಗೈಗೆ ಬಿತ್ತು.