ರಟ್ಟಿನ ದಪ್ಪ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ನಮ್ಮ ಪೆಟ್ಟಿಗೆ ಕಾರ್ಖಾನೆಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಬೂಟಿನ ಅಂಗಡಿಯವರು ಹದಿನಾಲ್ಕು ನಮೂನೆ ಮಾಡಿಸಿ, ಕೊನೆಗೆ ಮೊದಲನೆಯದನ್ನೇ ಒಪ್ಪಿದರು.

ಊಟದ ಹೊತ್ತಿನಲ್ಲಿ ನಿನ್ನ ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆ. ನಮಗೆ ಕಾಣುವುದು ಉದ್ದ, ಅಗಲ, ಎತ್ತರ. ಕಾಲವನ್ನೂ ಸೇರಿಸಿದರೆ ನಾಲ್ಕು ಆಯಾಮ. ನಿನ್ನ ಸಿದ್ಧಾಂತದ ಲೆಕ್ಕ ಕೂಡಬೇಕಾದರೆ ಹತ್ತು ಬೇಕು, ಉಳಿದ ಆರು ಕಾಣದಷ್ಟು ಸಣ್ಣದಾಗಿ ಸುರುಳಿ ಸುತ್ತಿಕೊಂಡಿರಬಹುದು ಎಂದು ಬರೆದಿದ್ದೆಯಲ್ಲ, ಅದನ್ನು. ಅಂಟು ಬಳಿಯುವ ನಮ್ಮ ಗೋಂದಣ್ಣ ಕೈಯಲ್ಲಿದ್ದ ತುತ್ತು ಕೆಳಗಿಟ್ಟ.

"ಹತ್ತಾ? ಮೂರು ಅಳತೆ ಕೂರಿಸೋದ್ರಲ್ಲೇ ನಮ್ಮ ಜೀವ ಹೋಗುತ್ತೆ. ಆ ಪೆಟ್ಟಿಗೆ ಆರ್ಡರ್ ಮಾತ್ರ ಇಲ್ಲಿಗೆ ಕಳಿಸ್ಬೇಡ ಅಂತ ಮಗಳಿಗೆ ಹೇಳಕ್ಕ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಕಾಗದದ ಕೊನೆಯ ಸಾಲುಗಳನ್ನು ಅವರಿಗೆ ಓದಿರಲಿಲ್ಲ. ಇಷ್ಟು ವರ್ಷ ಹುಡುಕಿದರೂ ಯಾವ ಪ್ರಯೋಗದಲ್ಲೂ ಆ ಆರರ ಒಂದು ಸುಳಿವೂ ಸಿಕ್ಕಿಲ್ಲ, ಮುಂದಿನ ತಿಂಗಳು ಪರೀಕ್ಷಕರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ, ಪಿಎಚ್.ಡಿ. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ನೀನು ಬರೆದಿದ್ದೆ.

ಹಾಗೇನಾದರೂ ಮಾಡಿದರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ, ನೋಡು. ಇಪ್ಪತ್ತೆಂಟು ವರ್ಷ ರಟ್ಟು ಕತ್ತರಿಸಿದ ಕೈ ಇದು. ಬಾಗಿಲಲ್ಲಿ ನಿಂತು ನೋಡುವವರಿಗೆ ರಟ್ಟೆಂದರೆ ಉದ್ದ, ಅಗಲ ಎರಡೇ. ನನ್ನ ಅನ್ನ ಇದ್ದದ್ದು ಅದರ ದಪ್ಪದಲ್ಲಿ. ಮಡಿಸುವ ಗೆರೆಯ ಮೇಲೆ ಚಾಕು ಅರ್ಧ ದಪ್ಪಕ್ಕೆ ಇಳಿದು ನಿಲ್ಲಬೇಕು. ಕಡಿಮೆ ಇಳಿದರೆ ರಟ್ಟು ಮಡಿಯದೆ ಮುರುಟಿಕೊಳ್ಳುತ್ತದೆ, ಹೆಚ್ಚು ಇಳಿದರೆ ಮುಚ್ಚಳವೇ ಕಿತ್ತು ಬರುತ್ತದೆ. ದೂರಕ್ಕೆ ಕಾಣದ ಆ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರ ಪೆಟ್ಟಿಗೆ ಒಂದೂ ನೆಟ್ಟಗೆ ನಿಂತಿಲ್ಲ. ಸಿಕ್ಕಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಾಗುವುದಿಲ್ಲ. ಇದೆ ಎಂದೂ ಆಗುವುದಿಲ್ಲ, ಒಪ್ಪಿದೆ. ಅಷ್ಟನ್ನೇ ಹೇಳು, ತಲೆಯೆತ್ತಿ ಹೇಳು. ಲೆಕ್ಕ ಇಲ್ಲಿಯವರೆಗೆ ಕೂಡಿದೆ, ಇಲ್ಲಿಂದಾಚೆ ಗೊತ್ತಿಲ್ಲ ಎನ್ನಲು ನಾಚಿಕೆ ಯಾಕೆ?

ಅಂದಹಾಗೆ, ಪ್ರಬಂಧ ಇಡಲೆಂದು ನಾನು ಕಳಿಸಿದ ಪೆಟ್ಟಿಗೆಯ ಮುಚ್ಚಳ ಕಿತ್ತು ಬಂತು ಎಂದು ಬರೆದು, "ಅಮ್ಮ, ನಿಂಗೂ ಕೈ ತಪ್ಪುತ್ತಾ?" ಅಂತ ಛೇಡಿಸಿದ್ದೀಯ. ಅವಸರದಲ್ಲಿ ಮಾಡಿದ್ದು, ಬಿಡು. ಸದ್ಯಕ್ಕೆ ಟೇಪು ಹಚ್ಚಿಕೋ.

ಹೊತ್ತಿಗೆ ಸರಿಯಾಗಿ ಉಣ್ಣು. ಪರೀಕ್ಷಕರು ಎಷ್ಟೇ ಕೆದಕಲಿ, ನೀನು ಗೆದ್ದೇ ಬರುತ್ತೀಯ. ನಿನ್ನ ತಲೆಯ ಮೇಲೆ ನನ್ನ ಕೈ ಸದಾ ಇದೆ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಮುಚ್ಚಳ ಕಿತ್ತದ್ದು ಅವಸರದಿಂದಲ್ಲ, ಪುಟ್ಟಿ. ಮೂರು ತಿಂಗಳಿಂದ ನನ್ನ ಎಡಗಣ್ಣು ಕಾಣುವುದಿಲ್ಲ. ದೃಷ್ಟಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಒಂದೇ ಕಣ್ಣಿಗೆ ಚಾಕು ಎಷ್ಟು ಇಳಿಯಿತೆಂದು ತಿಳಿಯುವುದಿಲ್ಲ. ಲೋಟಕ್ಕೆಂದು ಬಗ್ಗಿಸಿದ ನೀರು ಮೇಜಿಗೆ ಬೀಳುತ್ತದೆ. ನಿನ್ನ ಪೆಟ್ಟಿಗೆಯೇ ನಾನು ಕತ್ತರಿಸಿದ ಕೊನೆಯದು. ಈಗ ಗೋಂದಣ್ಣನ ಪಕ್ಕ ಕೂತು ಅಂಟು ಬಳಿಯುತ್ತೇನೆ. ಹೇಳಿದರೆ ಎಲ್ಲ ಬಿಟ್ಟು ಓಡಿ ಬರುತ್ತೀಯೆಂದು ಹೇಳಲಿಲ್ಲ. ಈಗಲೂ ಬರಬೇಡ, ಮುಗಿಸಿಕೊಂಡೇ ಬಾ. ಬಂದಾಗ ಮಾತ್ರ ಬಾಗಿಲಲ್ಲೇ ನಿಂತು ನಗಬೇಡ. ಹತ್ತಿರ ಬಂದು ಕೈ ಹಿಡಿ. ನೀನು ಎಷ್ಟು ದೂರದಲ್ಲಿದ್ದೀಯೆಂದು ನನಗೆ ತಿಳಿಯುವುದಿಲ್ಲ.